ಳ ಬಂದರೆ ಮುಂದೇನು?

ಪ್ರವಾಸಕ್ಕೆ ಹೊರಟ ಬಸ್ಸು ಊರು ದಾಟಿ ಹೆದ್ದಾರಿ ಹಿಡಿಯಿತೆಂದರೆ ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ ಶುರುವಾಗುತ್ತದೆ. ಹಾಡಿನದಾದರೆ ಗದ್ದಲ, ಬರೀ ಪದಗಳದಾದರೆ ಜಗಳ. ಒಬ್ಬಳು ‘ಮರ’ ಎನ್ನುತ್ತಾಳೆ. ಪಕ್ಕದವನು ‘ರಾಗಿ’ ಎನ್ನುತ್ತಾನೆ. ಮೂರನೆಯವಳು ಯೋಚನೆಯೇ ಇಲ್ಲದೆ ‘ಗಿಳಿ’ ಎಂದುಬಿಡುತ್ತಾಳೆ. ಬಸ್ಸು ಓಡುತ್ತಲೇ ಇರುತ್ತದೆ, ಆಟ ಮಾತ್ರ ನಿಂತುಹೋಗುತ್ತದೆ. ‘ಳ’ದಿಂದ ಶುರುವಾಗುವ ಮಾತು ಕನ್ನಡದಲ್ಲಿಲ್ಲ. ‘ಣ’ದಿಂದಲೂ ಇಲ್ಲ. ಆದರೆ ಅವುಗಳಲ್ಲಿ ಮುಗಿಯುವ ಮಾತುಗಳಿಗೆ ಬರವಿಲ್ಲ: ಮಳೆ, ಹೊಳೆ, ಬಳೆ, ನಾಳೆ, ಜೋಳ, ಮುಳ್ಳು; ಕಣ್ಣು, ಹಣ್ಣು, ಮಣ್ಣು, ಎಣ್ಣೆ, ಬೆಣ್ಣೆ, ಅಣ್ಣ.

ಇಂಥ ಕಡೆ ಪ್ರತಿ ಗುಂಪೂ ತನ್ನದೊಂದು ಕಾನೂನು ಮಾಡಿಕೊಂಡಿರುತ್ತದೆ. ‘ಳ’ ಬಂದರೆ ‘ಲ’ ಹಿಡಿ, ‘ಣ’ ಬಂದರೆ ‘ನ’ ಹಿಡಿ ಎನ್ನುವವರು ಉದಾರಿಗಳು. ಅಂಥ ಪದ ಕೊಟ್ಟವರೇ ಔಟ್ ಎನ್ನುವವರು ಬಿಗಿ ಕೈಯವರು. ಆಟದ ರುಚಿ ನೋಡಿದರೆ ಬಿಗಿ ಕೈಯವರ ಪಕ್ಷವೇ ವಾಸಿ. ಹಾಗಿಲ್ಲದಿದ್ದರೆ ಯಾವ ಪದ ಬಂದರೂ ಬಾಲಕ್ಕೆ ‘ಗಳು’ ಅಂಟಿಸಿ ಎದುರಾಳಿಯ ಬಾಯಿ ಕಟ್ಟುವ ಜಾಣರು ಹುಟ್ಟಿಕೊಳ್ಳುತ್ತಾರೆ. ಉದಾರಿಗಳ ದಾರಿಯಲ್ಲೂ ಒಂದು ಗುಂಡಿ ಇದೆ. ‘ಲ’ ಹಿಡಿದವರಿಗೆ ಲೋಟ, ಲೆಕ್ಕ, ಲಾಳ, ಲಂಗ, ಲಗೋರಿ, ಲಾಟೀನು ಆದ ಮೇಲೆ ಉಸಿರು ಕಟ್ಟುತ್ತದೆ. ಅಚ್ಚಗನ್ನಡದ ಮಾತುಗಳು ‘ರ’ದಿಂದ, ‘ಲ’ದಿಂದ ಶುರುವಾಗುವುದು ತೀರ ಅಪರೂಪ. ಈಗ ಇರುವವುಗಳಲ್ಲಿ ಬಹುಪಾಲು ಸಂಸ್ಕೃತದಿಂದಲೋ ಮರಾಠಿ, ಹಿಂದೂಸ್ಥಾನಿಗಳಿಂದಲೋ ಇಂಗ್ಲಿಷಿನಿಂದಲೋ ಬಂದು ಸೇರಿಕೊಂಡವು. ವ್ಯಾಕರಣದ ಪುಸ್ತಕ ತೆರೆಯದವರಿಗೂ ಹತ್ತು ಸುತ್ತು ಅಂತ್ಯಾಕ್ಷರಿ ಆಡಿದರೆ ಈ ಸಂಗತಿ ತಾನಾಗಿ ಗೊತ್ತಾಗುತ್ತದೆ.

ಅಕ್ಷರದಾಟ ಆಯಾ ಭಾಷೆಯ ಮೈ ಅಳತೆ ತೆಗೆದುಕೊಂಡು ಹೊಲಿಸಬೇಕಾದ ಅಂಗಿ. ಅಂಗಡಿಯಲ್ಲಿ ಸಿಗುವ ಡಬ್ಬಿಗಳು ಬಹುಪಾಲು ಇನ್ನೊಬ್ಬರ ಅಳತೆಯವು.

ಡಬ್ಬಿಯ ಆಟಗಳಲ್ಲಿ ಹೆಸರಾದ ಸ್ಕ್ರ್ಯಾಬಲ್ ಕೂಡ ಮೊದಲು ಮನೆಯಲ್ಲೇ ಕತ್ತರಿಸಿ ಮಾಡಿದ್ದು. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಮೋಶರ್ ಬಟ್ಸ್ ಎಂಬ ವಾಸ್ತುಶಿಲ್ಪಿ ಅದರ ಕರ್ತೃ. ಆತ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದ. ಹೆಚ್ಚು ಬಂದದ್ದಕ್ಕೆ ಹೆಚ್ಚು ಬಿಲ್ಲೆ, ಕಡಿಮೆ ಅಂಕ. ಅಪರೂಪದ್ದಕ್ಕೆ ಒಂದೇ ಬಿಲ್ಲೆ, ದೊಡ್ಡ ಅಂಕ. ಈ ಲೆಕ್ಕದಲ್ಲೇ 100 ಬಿಲ್ಲೆಗಳ ಆಟ ನಿಂತಿದೆ. ಅದರಲ್ಲಿ ‘ಇ’ ಅಕ್ಷರದ ಬಿಲ್ಲೆ 12, ‘ಎಸ್’ ಬರೀ 4. ಎಸ್ ಧಾರಾಳವಾಗಿದ್ದರೆ ಎಲ್ಲರೂ ಪದದ ಬಾಲಕ್ಕೆ ಅದನ್ನು ಸಿಕ್ಕಿಸಿ ಬಹುವಚನ ಮಾಡಿ ಅಂಕ ಬಾಚಿಕೊಳ್ಳುತ್ತಾರಲ್ಲ! ಬಸ್ಸಿನ ಹಿಂದಿನ ಸೀಟಿನ ‘ಗಳು’ ಜಾಣರನ್ನು ಬಟ್ಸ್ ಕಂಡಿರಲಿಲ್ಲ, ಆದರೂ ಆ ಜಾತಿಯ ಪರಿಚಯ ಅವನಿಗಿತ್ತು. ಆಟಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ, ಜೇಮ್ಸ್ ಬ್ರೂನೊ ಅದನ್ನು ಮಾರಾಟಕ್ಕೆ ತಂದಾಗ.

ಇದನ್ನೇ ಕನ್ನಡಕ್ಕೆ ತರುತ್ತೇವೆಂದು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಇಂಗ್ಲಿಷಿಗೆ 26 ಬಗೆಯ ಬಿಲ್ಲೆ ಸಾಕು. ಕನ್ನಡಕ್ಕೆ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಎಂದು ಶಾಲೆಯ ಗೋಡೆ ಹೇಳುತ್ತದೆ. ಆದರೆ ಪದದೊಳಗೆ ಕುಳಿತುಕೊಳ್ಳುವುದು ಬರೀ ‘ಕ’ ಅಲ್ಲವಲ್ಲ. ಕಾ, ಕಿ, ಕೀ, ಕು ಎಂದು ಕಃ ತನಕ ಅದಕ್ಕೆ 15 ವೇಷ. 34ನ್ನು 15ರಿಂದ ಗುಣಿಸಿದರೆ 510. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ‘ಸ್ವಾತಂತ್ರ್ಯ’ ಎಂಬ ಪದಕ್ಕೆ ಕನ್ನಡದ ಪದಬಂಧದಲ್ಲಿ ಬೇಕಾಗುವುದು ಮೂರೇ ಮನೆ: ಸ್ವಾ, ತಂ, ತ್ರ್ಯ. ‘ಸ್ತ್ರೀ’ಗೆ ಒಂದೇ ಮನೆ. ಇಂಥ ಪ್ರತಿಯೊಂದಕ್ಕೂ ಒಂದು ಬಿಲ್ಲೆ ಕತ್ತರಿಸುತ್ತ ಕುಳಿತರೆ ಮಕ್ಕಳ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿರುತ್ತದೆ.

ಇದಕ್ಕೊಂದು ಸುಲಭದ ದಾರಿ ಇದೆ. ಆಸಕ್ತಿಯುಳ್ಳವರು ಕಾಗದ, ಪೆನ್ಸಿಲು ಹತ್ತಿರಕ್ಕೆ ಎಳೆದುಕೊಳ್ಳಬಹುದು.

ಚೀಟಿಯ ಮೇಲೆ ವ್ಯಂಜನ ಮಾತ್ರ ಬರೆಯುವುದು, ಕಾಗುಣಿತವನ್ನು ಆಟಗಾರನ ಬಾಯಿಗೆ ಬಿಡುವುದು. ‘ಕ’ ಚೀಟಿ ಇಟ್ಟವನು ಅದನ್ನು ಕಾ ಎಂದಾದರೂ ಓದಲಿ, ಕೋ ಎಂದಾದರೂ ಓದಲಿ, ಸೊನ್ನೆ ಸೇರಿಸಿ ಕಂ ಎಂದಾದರೂ ಓದಲಿ. ಒತ್ತಕ್ಷರ ಬೇಕಾದರೆ ಒಂದು ಚೀಟಿಯ ಕೆಳಗೆ ಇನ್ನೊಂದನ್ನು ಅರ್ಧ ಮುಚ್ಚುವಂತೆ ಸರಿಸಿ ಇಡಬೇಕು. ಬ, ಕ, ಮತ್ತೆ ಕ ಸಿಕ್ಕವರಿಗೆ ‘ಬೆಕ್ಕು’ ಸಿದ್ಧ. ಎರಡು ಚೀಟಿ ಒಂದೇ ಮನೆಯಲ್ಲಿ ಖರ್ಚಾಗುವುದರಿಂದ ಒತ್ತಿಗೆ ಅಂಕ ಇಮ್ಮಡಿ ಕೊಡುವುದು ನ್ಯಾಯ.

ಯಾವ ಅಕ್ಷರಕ್ಕೆ ಎಷ್ಟು ಚೀಟಿ? ಬಟ್ಸ್ ಮಾಡಿದ ಕೆಲಸವನ್ನೇ ಗುಂಪು ಹಂಚಿಕೊಂಡು ಮಾಡಬಹುದು. ಕನ್ನಡ ಪತ್ರಿಕೆಯ ಒಂದು ಕಾಲಂ ಕತ್ತರಿಸಿಕೊಂಡು, ನಾಲ್ಕು ಮಕ್ಕಳಿಗೆ ನಾಲ್ಕು ಬಣ್ಣದ ಪೆನ್ಸಿಲು ಕೊಟ್ಟು ಎಣಿಸಲು ಹೇಳಿದರೆ ಅರ್ಧ ಗಂಟೆಯಲ್ಲಿ ಪಟ್ಟಿ ತಯಾರು. ರ, ನ, ದ, ಗ, ಲ, ತ ಯಾವತ್ತೂ ಮುಂದಿನ ಸಾಲಿನಲ್ಲಿರುತ್ತವೆ. ಘ, ಛ, ಝ, ಢ ಹಿಂದಿನ ಬೆಂಚಿನವು. ಕ, ಮ, ವ, ಸ ಸೇರಿಸಿ ಮುಂದಿನ ಸಾಲಿನ ಹತ್ತಕ್ಕೆ ತಲಾ ನಾಲ್ಕು ಚೀಟಿ, ಡ, ಪ, ಬ, ಯ, ಹ, ಟ, ಚ, ಜ, ಳ, ಣಗಳಿಗೆ ತಲಾ ಎರಡು. ಶ, ಷ ಮತ್ತು ಮಹಾಪ್ರಾಣಗಳಿಗೆ ಒಂದೊಂದು ಸಾಕು. ‘ಞ’ ನೋಡಿ ನಗುವವರು ಜ್ಞಾನ, ಆಜ್ಞೆ, ಯಜ್ಞಗಳನ್ನು ನೆನೆಸಿಕೊಳ್ಳಲಿ, ಅದಕ್ಕೂ ಒಂದು ಇರಲಿ. ‘ಙ’ವನ್ನು ಬಿಡಬಹುದು; ‘ವಾಙ್ಮಯ’ ಕಟ್ಟಲು ಹೊರಡುವ ಪಂಡಿತರು ಗುಂಪಿನಲ್ಲಿದ್ದರೆ ಅವರಿಗೆಂದು ಎರಡು ಖಾಲಿ ಚೀಟಿ ಇಟ್ಟರಾಯಿತು. ಪದದ ಮೊದಲಿಗೆ ಬರುವ ಸ್ವರಗಳನ್ನು ಅ-ಆ, ಇ-ಈ, ಉ-ಊ, ಎ-ಏ-ಐ, ಒ-ಓ-ಔ ಎಂದು ಜೊತೆ ಮಾಡಿ ತಲಾ ಎರಡು ಚೀಟಿ. ಎಲ್ಲ ಕೂಡಿದರೆ 85. ರಟ್ಟಿಗಾಗಿ ಅಂಗಡಿಗೆ ಹೋಗಬೇಕಿಲ್ಲ. ಪ್ರತಿ ಮನೆಯ ಕಪಾಟಿನಲ್ಲೂ ಎಸೆಯಲು ಮನಸ್ಸಾಗದ ಲಗ್ನಪತ್ರಿಕೆಗಳ ಕಟ್ಟು ಇದ್ದೇ ಇರುತ್ತದೆ, ಅವುಗಳ ಹಿಂಬದಿ ಬಿಳಿಯಾಗಿ, ಗಟ್ಟಿಯಾಗಿ ಇರುತ್ತದೆ. ಮುಖದ ಕಡೆಯ ಗಣಪತಿಯನ್ನು ಕತ್ತರಿಸುವುದಕ್ಕೆ ಅಜ್ಜಿ ಒಪ್ಪದಿದ್ದರೆ ಅಷ್ಟು ಭಾಗ ಬಿಟ್ಟರಾಯಿತು.

ಒಂದು ನಿಯಮ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಮರ ಎಂಬ ಒಂದು ಪದ ಮರದ, ಮರಕ್ಕೆ, ಮರದಿಂದ, ಮರದಲ್ಲಿ, ಮರಗಳು, ಮರಗಳಲ್ಲಿಯೂ ಎಂದು ಬೆಳೆಯುತ್ತಲೇ ಹೋಗಬಲ್ಲುದು. ವಿಭಕ್ತಿ, ಬಹುವಚನ ಎರಡನ್ನೂ ಬಾಗಿಲ ಹೊರಗೆ ನಿಲ್ಲಿಸಿ, ನಿಘಂಟಿನಲ್ಲಿ ಪದ ಹೇಗೆ ನಿಂತಿದೆಯೋ ಹಾಗೆ ಬಂದರೆ ಮಾತ್ರ ಒಳಕ್ಕೆ ಎಂದರೆ ಜಗಳ ಅರ್ಧಕ್ಕೆ ಇಳಿಯುತ್ತದೆ.

ಚೀಟಿಯಲ್ಲಿ ಅಕ್ಷರ ಬರೆದು ಗುಂಪಾಗಿ ಕಲಿಯುವ ಕೆಲಸ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ನಲಿ-ಕಲಿ ಎಂಬ ಕಲಿಕಾ ಪದ್ಧತಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ತಮ್ಮ ಶಾಲೆಗೆ ಬೇಕಾದ ಕಾರ್ಡುಗಳನ್ನು ತಾವೇ ಕುಳಿತು ಮಾಡಿದರು. ಮುಂದೆ 2009–10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದನೇ, ಎರಡನೇ ತರಗತಿಗಳಿಗೆಲ್ಲ ಹಬ್ಬಿತು. ನಲಿ-ಕಲಿಯ ಕೊಠಡಿಯಲ್ಲಿ ಬೆಂಚಿನ ಸಾಲಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ತಂಡತಂಡವಾಗಿ ಕೂರುತ್ತಾರೆ, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾವು ಎಷ್ಟನೆಯ ಮೆಟ್ಟಿಲಲ್ಲಿದ್ದೇವೆಂದು ನೋಡಿಕೊಂಡು ಆ ಗುರುತಿನ ಕಾರ್ಡು ಹುಡುಕಿ ತರುತ್ತಾರೆ.

ಅಲ್ಲಿ ಅಕ್ಷರ ಶುರುವಾಗುವುದು ‘ಅ ಆ ಇ ಈ’ಯಿಂದ ಅಲ್ಲ, ‘ರ ಗ ಸ ದ ಅ’ದಿಂದ. ಹಳೆಯ ಕಾಲದ ಮೇಷ್ಟರುಗಳಿಗೆ ಇದು ವರ್ಣಮಾಲೆಯ ಅವಮಾನವೆಂದೇ ಕಂಡಿರಬೇಕು. ಆದರೆ ಈ ಐದನ್ನು ಚೀಟಿಯಲ್ಲಿ ಬರೆದು, ಒಂದಕ್ಕೆ ಎರಡು ಮೂರು ಪ್ರತಿ ಮಾಡಿ, ಕಲಸಿ ಹಾಕಿ ನೋಡಬೇಕು. ಸರ, ರಸ, ದರ, ಅರಸ, ಅಗಸ, ಸರಸ, ಗರಗಸ. ಅಂಕಿತನಾಮವೂ ನಡೆಯುವುದಾದರೆ ಗದಗ. ಕಾಗುಣಿತ ಬೇಡ, ಒತ್ತು ಬೇಡ, ಐದೇ ಅಕ್ಷರದಲ್ಲಿ ಒಂದು ಊರು, ಒಬ್ಬ ಅರಸ, ಒಬ್ಬ ಅಗಸ, ಬಡಗಿಯ ಒಂದು ಹತ್ಯಾರು! ‘ಅ ಆ ಇ ಈ ಉ’ ಕಲಿತ ಮಗು ಐದು ದಿನದ ಮೇಲೂ ಒಂದು ಪದ ಕಟ್ಟಲಾರದು. ಎರಡನೆಯ ಕಂತು ‘ಜ ವ ಮ ಬ ನ’. ಹತ್ತಾದ ಕೂಡಲೇ ಮರ, ಜನ, ದನ, ಮಗ, ವನ, ನಗರ, ಗಗನ, ಬಸವ, ದವಸ, ನಮನ ಎಂದು ಬಾಗಿಲು ತೆರೆದುಕೊಳ್ಳುತ್ತದೆ. ಮಳೆಗಾಲದ ಸಂಜೆ ಕರೆಂಟು ಹೋದಾಗ ಹತ್ತು ಜನರ ಮನೆಯಲ್ಲಿ ಆಡಲು ಈ ಹತ್ತು ಅಕ್ಷರ ಧಾರಾಳ ಸಾಕು. ದೊಡ್ಡವರೂ ಚಿಕ್ಕವರೂ ಬೇರೆ ಬೇರೆ ಕಡೆ ಕುಳಿತು ಪಟ್ಟಿ ಮಾಡಿದರೆ ಚಿಕ್ಕವರೇ ಗೆಲ್ಲುವ ಸಾಧ್ಯತೆ ಹೆಚ್ಚು, ಯಾಕೆಂದರೆ ದೊಡ್ಡವರಿಗೆ ಕಾಗುಣಿತ ಬಿಟ್ಟು ಯೋಚಿಸುವುದು ಮರೆತುಹೋಗಿರುತ್ತದೆ. ಅಂಗಳವಿದ್ದವರು ಕುಂಟೆಬಿಲ್ಲೆಯ ಮನೆಗಳಲ್ಲಿ ಇವೇ ಅಕ್ಷರ ಬರೆದು, ಬಿಲ್ಲೆ ಬಿದ್ದ ಮನೆಯ ಅಕ್ಷರದಿಂದ ಒಂದು ಪದ ಹೇಳುತ್ತ ಕುಂಟಿ ಬರಬಹುದು.

ಕನ್ನಡದ ಕಿವಿ ಪದವನ್ನು ಒಡೆಯುವುದೂ ಅಕ್ಷರ ಅಕ್ಷರವಾಗಿಯೇ. ಗುಟ್ಟು ಮಾತಾಡುವ ಹುಡುಗಿಯರ ‘ಕ’ ಭಾಷೆಯನ್ನು ಕೇಳಿದವರಿಗೆ ಇದು ಗೊತ್ತು. ಪ್ರತಿ ಅಕ್ಷರಕ್ಕೂ ಮೊದಲು ಒಂದು ‘ಕ’ ಸೇರಿಸಿ ‘ಕನೀಕನು ಕಬಾ’ ಎಂದು ಅವರು ಗಾಳಿಯ ವೇಗದಲ್ಲಿ ಹೇಳುತ್ತಿದ್ದರೆ ಪಕ್ಕದಲ್ಲಿದ್ದ ತಮ್ಮನಿಗೆ ತಲೆಬುಡ ತಿಳಿಯುವುದಿಲ್ಲ. ಹೇಳಿದ್ದು ಇಷ್ಟೇ: ನೀನು ಬಾ. ತಿರುಗುಮುರುಗು ಪದಗಳ ಆಟವೂ ಹೀಗೆಯೇ. ಕಿಟಕಿ, ಕನಕ, ಜಲಜ, ನವಜೀವನ, ವಿಕಟಕವಿ ಇವನ್ನು ಹಿಂದಿನಿಂದ ಓದಿದರೂ ಅದೇ. ಮದ್ರಾಸಿನ ಸಿದ್ರಾಮನಂತೂ ಈ ಆಟದ ಹಳೆಯ ಹುಲಿ. ಮಲಯಾಳಂ ಎಂಬುದು ಇಂಗ್ಲಿಷ್ ಬರಹದಲ್ಲಿ ಎರಡು ಕಡೆಯಿಂದಲೂ ಒಂದೇ, ಕನ್ನಡದಲ್ಲಿ ಬರೆದರೆ ಆ ಸೊಗಸು ಉಳಿಯುವುದಿಲ್ಲ. ವಿಕಟಕವಿಯ ಗತಿ ಇದಕ್ಕೆ ನೇರ ವಿರುದ್ಧ. ತಿರುಗಿಸಿದರೆ ಬೇರೆಯೇ ಅರ್ಥ ಕೊಡುವವು ಇನ್ನೂ ಮಜಾ. ನದಿ ತಿರುಗಿದರೆ ದಿನ, ಕಪಿ ತಿರುಗಿದರೆ ಪಿಕ, ಸದಾ ತಿರುಗಿದರೆ ದಾಸ. ಬೇಡನೊಬ್ಬ ‘ಮರಾ ಮರಾ’ ಎನ್ನುತ್ತಲೇ ವಾಲ್ಮೀಕಿಯಾದ ಕಥೆಯಲ್ಲೂ ಇದೇ ಯಂತ್ರ ಕೆಲಸ ಮಾಡಿದೆ. ಇನ್ನು ಅಕ್ಷರ ಕಳೆಯುವ ಒಗಟು: ಮೂರಕ್ಷರದ ಒಂದು ಪದ, ಮೊದಲನೆಯದು ಬಿಟ್ಟರೆ ಬಡಿದುಕೊಳ್ಳುವ ಪೀಡೆ, ನಡುವಿನದು ಬಿಟ್ಟರೆ ಮೈಯೊಳಗಿನ ತಂತು, ಕೊನೆಯದು ಬಿಟ್ಟರೆ ಮೈಮೇಲಿನ ಒಡವೆ. ಗರ, ನರ, ನಗ, ಒಟ್ಟಿಗೆ ನಗರ. ಇಂಥವನ್ನು ಬಿಡಿಸುವುದಕ್ಕಿಂತ ಹೊಸದಾಗಿ ಕಟ್ಟಿ ಇನ್ನೊಂದು ತಂಡಕ್ಕೆ ಒಡ್ಡುವುದರಲ್ಲಿ ಮಕ್ಕಳು ಹೆಚ್ಚು ಹೊತ್ತು ತಲ್ಲೀನರಾಗುತ್ತಾರೆ.

ಬಾಯಿಮಾತಿನ ಈ ಆಟಗಳಿಂದ ಹೆಚ್ಚು ಅನುಕೂಲ ಹೊರದೇಶದ ಕನ್ನಡ ಕೂಟಗಳಿಗೆ. ಅಲ್ಲಿ ವಾರಾಂತ್ಯದ ತರಗತಿಗೆ ಬರುವ ಅನೇಕ ಮಕ್ಕಳಿಗೆ ಮನೆಯ ಕನ್ನಡ ಕಿವಿಯಲ್ಲಿದೆ, ಕಣ್ಣಿಗೆ ಮಾತ್ರ ಲಿಪಿ ಹೊಸದು.

ದೊಡ್ಡವರ ಗುಂಪಿಗೆ ಇನ್ನಷ್ಟು ಖಾರದ ಆಟ ಬೇಕಾದರೆ ಅವಧಾನದ ವೇದಿಕೆಯಿಂದ ಕದಿಯಬಹುದು. ಅಷ್ಟಾವಧಾನದಲ್ಲಿ ಪೃಚ್ಛಕರೆಂಬ ಎಂಟು ಮಂದಿ ಪ್ರಶ್ನೆಗಾರರು ಸುತ್ತ ಕುಳಿತು ಒಬ್ಬ ಕವಿಯನ್ನು ಎಂಟು ಕಡೆಗೆ ಎಳೆಯುತ್ತಾರೆ. ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶ್ ಅಂಥ ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ್ದಾರೆ. ಅದರ ನಿಷೇಧಾಕ್ಷರಿಯಲ್ಲಿ ಅವಧಾನಿ ಪದ್ಯದ ಒಂದೊಂದು ಅಕ್ಷರ ಹೇಳಿದಂತೆ ಮುಂದಿನದು ಇದಾಗಕೂಡದು ಎಂದು ಪೃಚ್ಛಕರು ಅಡ್ಡಗಾಲು ಹಾಕುತ್ತಾರೆ. ಮನೆಯ ಜಗಲಿಗೆ ಅಷ್ಟು ಬೇಡ. ಒಂದು ಅಕ್ಷರ ನಿಷೇಧಿಸಿ, ಬೆಳಗಿನ ತಿಂಡಿಯ ವಿಚಾರ ಹೇಳು ಎಂದರೆ ಸಾಕು. ‘ದ’ ಕೂಡದು ಎಂದಿಟ್ಟುಕೊಳ್ಳೋಣ. ದೋಸೆ ಹೋಯಿತು. ತಿಂದೆ, ಮಾಡಿದೆ, ಎದ್ದೆ, ಕುಡಿದೆ ಎಲ್ಲವೂ ಹೋದವು; ಕನ್ನಡದ ಭೂತಕಾಲ ಬಹುಮಟ್ಟಿಗೆ ‘ದ’ಕಾರದ ಮೇಲೇ ನಿಂತಿದೆ. ಇಡ್ಲಿ ಆಗಿದ್ದರೆ ‘ಇಡ್ಲಿ ಹೊಟ್ಟೆ ಸೇರಿತು’ ಎಂದು ಪಾರಾಗಬಹುದು. ದೋಸೆಯೇ ಆಗಿದ್ದರೆ ‘ಕಾವಲಿ ಮೇಲೆ ಹುಯ್ಯುವ ತಿಂಡಿ’ ಎಂದು ಸುತ್ತು ಹಾಕಬೇಕು. ದತ್ತಪದಿ ಇನ್ನೂ ಸರಳ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು, ಉದಾಹರಣೆಗೆ ಚಟ್ನಿ, ಗ್ರಹಣ, ಹೆಲಿಕಾಪ್ಟರ್, ಪಂಚಾಯ್ತಿ, ಕೊಟ್ಟು ಮದುವೆಯ ಮಾತು ಆಡಿಸುವುದು. ಸುಮ್ಮನೆ ಕೂರಲಾರದ ತುಂಟನಿಗೆ ಅಪ್ರಸ್ತುತ ಪ್ರಸಂಗದ ಪಾತ್ರ ವಹಿಸಿದರೆ ಅವನ ಕೆಲಸ ಅಧಿಕೃತವಾಗಿ ಅಡ್ಡಿಪಡಿಸುವುದು.

ಇಂಥ ಕಸುಬು ಪಂಡಿತರ ಸೊತ್ತೇನೂ ಅಲ್ಲ. ಉತ್ತರ ಕರ್ನಾಟಕದ ಮದುವೆ ಮನೆಗಳಲ್ಲಿ, ಸೀಮಂತಗಳಲ್ಲಿ ಒಡಪು ಹೇಳಿಸುತ್ತಾರೆ. ಗಂಡನ ಹೆಸರನ್ನು ಬರೀ ಹೇಳುವಂತಿಲ್ಲ, ಪ್ರಾಸದ ಎರಡು ಸಾಲಿನಲ್ಲಿ ಸೇರಿಸಿ ಹೇಳಬೇಕು. ‘ಅಂಗಳದಾಗ ಮಲ್ಲಿಗಿ ಬಳ್ಳಿ, ಬಾಗಲದಾಗ ತೋರಣ, ಬಸವರಾಜರ ಹೆಸರ ಹೇಳಾಕ ಬೇಕೇನ್ರೀ ಕಾರಣ?’ ಎಂಬ ಧಾಟಿಯಲ್ಲಿ. ಹೇಳುವ ತನಕ ಬಾಗಿಲು ಬಿಡುವುದಿಲ್ಲವೆಂದು ಹೆಣ್ಣುಮಕ್ಕಳು ಅಡ್ಡ ನಿಂತಿರುತ್ತಾರೆ. ಹೆಸರಿನ ಜಾಗಕ್ಕೆ ಊರನ್ನೋ ತರಕಾರಿಯನ್ನೋ ಹಾಕಿದರೆ ಮಕ್ಕಳ ಶಿಬಿರಕ್ಕೆ ಒಳ್ಳೆಯ ಆಟ.

ಬರೆದು ಆಡುವವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ‘ಹೆಸರು, ಊರು, ಪ್ರಾಣಿ, ವಸ್ತು’. ಜರ್ಮನ್ ಮಕ್ಕಳು ಇದನ್ನೇ ‘ಊರು, ದೇಶ, ನದಿ’ ಎಂಬ ಹೆಸರಿನಲ್ಲಿ ಆಡುತ್ತಾರೆ. ಒಬ್ಬರೇ ಬರೆದ ಪದಕ್ಕೆ 10 ಅಂಕ, ಇಬ್ಬರು ಬರೆದಿದ್ದರೆ 5. ‘ಬ’ ಬಂದರೆ ಬಸವ, ಬಾದಾಮಿ, ಬೆಕ್ಕು, ಬುಟ್ಟಿ ಎಂದು ಎಲ್ಲರದೂ ಒಂದೇ ಉತ್ತರವಾಗಿ ಆಟ ಸಪ್ಪೆಯಾಗುತ್ತದೆ. ಕಾಲಂಗಳನ್ನು ಸೀಮೆಗೆ ತಕ್ಕಂತೆ ಬದಲಿಸಿದರೆ ಜೀವ ಬರುತ್ತದೆ. ಕರಾವಳಿಯಲ್ಲಿ ಮೀನಿನದೊಂದು ಕಾಲಂ: ಬಂಗುಡೆ, ಕಾಣೆ, ಅಂಜಲ್. ಬಾಗಲಕೋಟೆ, ವಿಜಯಪುರದ ಕಡೆ ರೊಟ್ಟಿಗೆ ನೆಂಚಿಕೊಳ್ಳುವ ಪಲ್ಯದ ಕಾಲಂ. ಆಗ ಎಲ್ಲರೂ ಹೆದರುವ ‘ಝ’ ಬಂದರೂ ಅಲ್ಲಿನ ಹುಡುಗ ಕಣ್ಣು ಮುಚ್ಚಿ ಝುಣಕ ಎಂದು ಬರೆಯುತ್ತಾನೆ. ಬೆಂಗಳೂರಿನ ಅಣ್ಣ ಝರಿಯನ್ನು ತಿಂಡಿಯಾಗಿಸಲಾರದೆ ಪೆನ್ನು ಕಚ್ಚುತ್ತಿರುತ್ತಾನೆ.

ಆ ಪದ ಇದೆಯೋ ಇಲ್ಲವೋ ಎಂಬ ತಕರಾರು ಬಂದೇ ಬರುತ್ತದೆ. ಕಿಟೆಲ್ ಅವರ 1894ರ ನಿಘಂಟು ಮನೆಯಲ್ಲಿದ್ದರೆ ಒಳ್ಳೆಯದು, ಸುಮಾರು 70,000 ಪದಗಳ ಪಂಚಾಯ್ತಿ ಅದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನು ಆಟದ ಚಾಪೆಯ ಪಕ್ಕಕ್ಕೆ ಹೊತ್ತು ತರುವುದು ಕಷ್ಟ. ನಿಘಂಟಿನಲ್ಲಿಲ್ಲದ ಊರಿನ ಮಾತಿಗೆ ಇಬ್ಬರು ಹಿರಿಯರು ‘ನಮ್ಮ ಕಡೆ ಹಾಗೆ ಅಂತಾರೆ’ ಎಂದು ಸಾಕ್ಷಿ ಹೇಳಿದರೆ ಒಪ್ಪಿಕೊಳ್ಳುವುದೆಂದು ಮೊದಲೇ ಗೊತ್ತುಮಾಡಿಕೊಂಡರೆ, ಮೂಲೆಯಲ್ಲಿ ಹೂ ಕಟ್ಟುತ್ತ ಕುಳಿತ ಅಜ್ಜಿಯನ್ನು ಎರಡೂ ತಂಡಗಳು ತಮ್ಮ ಕಡೆ ಎಳೆಯತೊಡಗುತ್ತವೆ.

ಉಳಿದದ್ದು ಗಡುವಿನ ವಿಚಾರ. ಮೊಬೈಲಿನಲ್ಲಿ ಸಮಯ ನೋಡುವುದಕ್ಕಿಂತ ಎದುರು ತಂಡದವರು ಕಾಗುಣಿತ ಹೇಳುವುದು ಮೇಲು. ಕ, ಕಾ, ಕಿ, ಕೀ ಎಂದು ಶುರುಮಾಡಿ ಕಃ ಮುಟ್ಟುವುದರೊಳಗೆ ಉತ್ತರ ಬರಬೇಕು. ದೊಡ್ಡವರ ಕೈಗೆ ಈ ಕೆಲಸ ಕೊಟ್ಟರೆ ಅವರು ಒಂದೇ ಉಸಿರಿನಲ್ಲಿ ಮುಗಿಸಿ ಮೋಸ ಮಾಡುತ್ತಾರೆ. ಆದ್ದರಿಂದ ಕಾಗುಣಿತ ಈಗಷ್ಟೇ ಕಲಿಯುತ್ತಿರುವ, ಗುಂಪಿನ ಎಲ್ಲರಿಗಿಂತ ಚಿಕ್ಕ ಮಗುವೇ ಗಡಿಯಾರ. ಆ ಗಡಿಯಾರ ‘ಕೂ’ ದಾಟಿ ‘ಕೃ’ ನೆನಪಾಗದೆ ನಿಂತುಬಿಟ್ಟರೆ ಅಷ್ಟು ಹೊತ್ತೂ ಆಟಗಾರನಿಗೆ ಲಾಭ. ಮಗುವಿಗೆ ಹೇಳಿಕೊಡುವ ಹಕ್ಕು ಎದುರು ತಂಡಕ್ಕಿಲ್ಲ.